ಸೊಕ್‌ಚೊದ ಬೀದಿ ತಿಂಡಿ: ನಾನು ತಿಂದ ದಾರಿ

ದಕ್ಷಿಣ ಕೊರಿಯಾದಲ್ಲಿ ಕಡಲ ತೀರದ ಊರಿನ ತಿಂಡಿ ಅಂದರೆ ಎಲ್ಲರೂ ಬುಸಾನ್ ಹೆಸರು ಹೇಳುತ್ತಾರೆ. ನಾನು ಹೇಳುವುದು ಸೊಕ್‌ಚೊ. ಪೂರ್ವ ಕರಾವಳಿಯ ಚಿಕ್ಕ ಊರು, ಹಿಂದೆಯೇ ಸೊರಾಕ್ ಬೆಟ್ಟ. ರಾಜಧಾನಿ ಸೋಲ್‌ನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸುಮಾರು ಎರಡೂವರೆ ಗಂಟೆ. ಬೆಳಗ್ಗೆ ಏನೂ ತಿನ್ನದೆ ಹೊರಟೆ, ನೀವೂ ಹಾಗೇ ಮಾಡಿ.

ಹೆಚ್ಚಿನವರು ನೇರ ಮಾರುಕಟ್ಟೆಗೆ ಹೋಗುತ್ತಾರೆ. ನಾನು ಅಬಾಯ್ ಹಳ್ಳಿಯಿಂದ ಶುರು ಮಾಡಿದೆ. ಕೊರಿಯಾ ಯುದ್ಧದ ಹೊತ್ತಿನಲ್ಲಿ ಉತ್ತರದ ಹಾಮ್‌ಗ್ಯೊಂಗ್ ಪ್ರಾಂತ್ಯದಿಂದ ಓಡಿ ಬಂದವರು ಇಲ್ಲಿನ ಮರಳ ದಿಬ್ಬದ ಮೇಲೆ ಗುಡಿಸಲು ಹಾಕಿಕೊಂಡರು. ಯುದ್ಧ ಮುಗಿದರೆ ಊರಿಗೆ ವಾಪಸ್ ಹೋಗೋಣ ಅಂತ ಗಡಿಯ ಹತ್ತಿರವೇ ಉಳಿದರು. 1953ರಲ್ಲಿ ಕದನ ನಿಂತಿತು, ಆದರೆ ಗಡಿ ತೆರೆಯಲಿಲ್ಲ. ಅವರು ಬಿಟ್ಟು ಬಂದ ಊರಿನ ಅಡುಗೆಯೇ ಇವತ್ತು ಸೊಕ್‌ಚೊದ ಹೆಸರುವಾಸಿ ತಿಂಡಿ. ಈ ಕಥೆ ಗೊತ್ತಿದ್ದು ತಿನ್ನಬೇಕು ಅನ್ನೋದು ನನ್ನ ಆಸೆ.

ಅಬಾಯ್ ಸುಂದೆ ಅಂದರೆ ಹಂದಿಯ ದೊಡ್ಡ ಕರುಳಿಗೆ ಅಂಟಕ್ಕಿ, ತರಕಾರಿ, ರಕ್ತ ತುಂಬಿ ಬೇಯಿಸಿದ್ದು. ಕರುಳು ಸಿಗದ ಕಾಲದಲ್ಲಿ ಜನ ಕಡಲಲ್ಲಿ ಸಿಕ್ಕ ಒಜಿಂಗೊಗೆ ತುಂಬಿದರು ಅಂತ ಹೇಳುತ್ತಾರೆ. ಒಜಿಂಗೊ ಅಂದರೆ ನಮ್ಮ ಕರಾವಳಿಯ ಬೊಂಡಾಸ್, ಇಂಗ್ಲಿಷಿನಲ್ಲಿ ಸ್ಕ್ವಿಡ್. ಅದರ ಕಾಲುಗಳನ್ನು ಸಣ್ಣಗೆ ಹೆಚ್ಚಿ, ಅಂಟಕ್ಕಿ, ತೋಫು, ಕ್ಯಾರೆಟ್ ಜೊತೆ ಕಲಸಿ, ಅದರ ಹೊಟ್ಟೆಗೇ ತುಂಬುತ್ತಾರೆ. ಹಬೆಯಲ್ಲಿ ಬೇಯಿಸಿ, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಮೊಟ್ಟೆಯಲ್ಲಿ ಅದ್ದಿ ಕಾವಲಿ ಮೇಲೆ ಕೆಂಪಗೆ ಹುರಿಯುತ್ತಾರೆ. ಹೊರಗೆ ಮೊಟ್ಟೆಯ ಗರಿಗರಿ ಪದರ, ಒಳಗೆ ಮೆತ್ತಗಿನ ಅನ್ನ. ಎರಡೂ ಇರುವ ತಟ್ಟೆ ಕೇಳಿ, ಜೊತೆಗೆ ಖಾರ ಹಾಕಿ ಕಲಸಿದ ಪೊಲಾಕ್ ಮೀನು ಕೊಡುತ್ತಾರೆ. ಒಂದು ಬಿಲ್ಲೆಯ ಮೇಲೆ ಸ್ವಲ್ಪ ಆ ಮೀನು ಇಟ್ಟು ಬಾಯಿಗೆ ಹಾಕಿಕೊಳ್ಳಬೇಕು. ನನಗೆ ಒಜಿಂಗೊದ್ದೇ ಜಾಸ್ತಿ ಇಷ್ಟವಾಯಿತು. ಬೆಲೆ ಸ್ವಲ್ಪ ಜಾಸ್ತಿ. ಅಲ್ಲಿನ ಕಡಲು ಬಿಸಿಯಾಗಿ ಒಜಿಂಗೊ ಸಿಗೋದು ಕಡಿಮೆಯಾಗಿದೆ, ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ.

ಅಲ್ಲಿಂದ ಮಾರುಕಟ್ಟೆ ಕಡೆಗೆ ಗೆಟ್‌ಬೆ ದೋಣಿ. ಇದಕ್ಕೆ ಇಂಜಿನ್ ಇಲ್ಲ. ನೀರಿಗೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗವನ್ನು ಕಬ್ಬಿಣದ ಕೊಕ್ಕೆಯಿಂದ ಎಳೆದು ದಾಟಿಸುತ್ತಾರೆ. ಪ್ರಯಾಣಿಕರೂ ಎಳೆಯಬಹುದು, ನಾನೂ ಎಳೆದೆ. ದಾಟಿ ಸ್ವಲ್ಪ ನಡೆದರೆ ಮಾರುಕಟ್ಟೆ.

ಇಲ್ಲಿ ಒಂದೇ ಅಂಗಡಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಇಬ್ಬರಿದ್ದರೆ ಒಂದನ್ನೇ ಹಂಚಿಕೊಂಡು ಮುಂದೆ ಹೋಗಿ. ಬೆರಳು ತೋರಿಸಿ 'ಹಾನಾ ಜುಸೆಯೊ' ಅಂದರೆ ಒಂದು ಕೊಡುತ್ತಾರೆ, ಅಷ್ಟು ಸಾಕು. ಸೀಗಡಿ ಬಜ್ಜಿ ಮೊದಲೇ ಕರಿದಿಟ್ಟಿರುತ್ತಾರೆ. ಕೇಳಿದ ಮೇಲೆ ಇನ್ನೊಂದು ಸಲ ಎಣ್ಣೆಗೆ ಹಾಕುತ್ತಾರೆ, ಅದಕ್ಕೆ ಕಾಯಿರಿ. ಚಳಿಯಿದ್ದರೆ ಒಮುಕ್, ಅಂದರೆ ಕಡ್ಡಿಗೆ ಚುಚ್ಚಿದ ಮೀನಿನ ಹಿಟ್ಟಿನ ಪಟ್ಟಿ. ಅದು ಬೇಯುವ ಬಿಸಿ ಸಾರನ್ನು ಕಾಗದದ ಲೋಟದಲ್ಲಿ ಸುಮ್ನೆ ಕೊಡುತ್ತಾರೆ.

ನನ್ನ ಮನಸ್ಸು ಗೆದ್ದಿದ್ದು ಸುಲ್‌ಪಾಂಗ್. ಅಕ್ಕಿಯಿಂದ ಮಾಡಿದ ಮಕ್ಕೊಲ್ಲಿ ಅನ್ನುವ ಹೆಂಡ ಹಾಕಿ ಹುದುಗು ಬರಿಸಿ, ಹಬೆಯಲ್ಲಿ ಬೇಯಿಸಿದ ಬ್ರೆಡ್ಡು. ಮಂಗಳೂರಿನಲ್ಲಿ ಕಳ್ಳು ಹಾಕಿ ಸನ್ನ ಅನ್ನುವ ಇಡ್ಲಿ ಮಾಡುವ ಹಾಗೇ. ಅದೇ ಹುಳಿ ವಾಸನೆ, ಅದೇ ಹಗುರ. ಸಾಲು ಉದ್ದ ಇದ್ದರೂ ನಿಲ್ಲಿ.

ಮಾಂಸ ಮೀನು ತಿನ್ನದವರಿಗೆ ಕಷ್ಟ, ನಿಜ. ತೊಕ್‌ಬೊಕ್ಕಿ ನೋಡಲು ಬರೀ ಅಕ್ಕಿ ಕಡುಬು, ಆದರೆ ಸಾರಿಗೆ ಒಣ ಮೀನು ಹಾಕಿರುವುದೇ ಹೆಚ್ಚು. ಎಲೆಕೋಸಿನ ಖಾರದ ಉಪ್ಪಿನಕಾಯಿಯಂಥ ಕಿಮ್ಚಿಯಲ್ಲೂ ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿಯೋ ಮೀನಿನ ರಸವೋ ಇರುತ್ತದೆ. ಆದರೂ ಅವರಿಗೆ ಬೆಲ್ಲದಂಥ ಕಂದು ಸಕ್ಕರೆ, ಬೀಜಗಳನ್ನು ತುಂಬಿದ ಸಿಹಿ ರೊಟ್ಟಿ ಹೊತ್ತೊಕ್, ಆಲೂಗಡ್ಡೆ ತುರಿದು ಹುಯ್ಯುವ ಗಮ್‌ಜಾಜೊನ್ ಇವೆ. ಈ ಗಂಗ್‌ವೊನ್ ಸೀಮೆ ಆಲೂಗಡ್ಡೆಗೇ ಹೆಸರು, ಹಾಗಾಗಿ ಅದು ಚೆನ್ನಾಗಿಯೇ ಇರುತ್ತದೆ. ಕರಿಯುವ ಎಣ್ಣೆ ಬೇರೆಯದಾ ಅಂತ ಮಾತ್ರ ಕೇಳಿ.

ದಕ್‌ಗಾಂಗ್‌ಜೊಂಗ್ ಕೊನೆಗೆ ಕೊಳ್ಳಿ. ಕರಿದ ಕೋಳಿಯನ್ನು ಸಿಹಿ ಖಾರದ ಪಾಕದಲ್ಲಿ ಹೊರಳಿಸಿ ಡಬ್ಬಿ ತುಂಬಿ ಕೊಡುತ್ತಾರೆ. ಆರಿದ ಮೇಲೂ ಗರಿಗರಿ ಇರುತ್ತದೆ, ನನಗಂತೂ ಆರಿದ್ದೇ ರುಚಿ. ಬಸ್ಸಿನಲ್ಲಿ ಡಬ್ಬಿ ತೆರೆಯಬೇಡಿ, ವಾಸನೆ ಎಲ್ಲರಿಗೂ ಹೋಗುತ್ತದೆ. ರೂಮಿಗೆ ಹೋಗಿ ರಾತ್ರಿ ತಿನ್ನಿ.