ಗಜನಿ ಕಟ್ಟೆಯ ಮೇಲೆ ನಡೆಯುತ್ತಾ ಸಂದರ್ಶನ ಮಾಡುವುದು ಹೇಗೆ?

‘ನಿಮ್ಮೂರಿನ ಪರಿಸರ ಹೇಗಿದೆ?’ ಎಂದು ಜಗಲಿಯಲ್ಲಿ ಕೂತು ಕೇಳಿದರೆ ‘ಚಲೋ ಇದೆ’ ಎಂಬ ಉತ್ತರ ಬರುತ್ತದೆ, ಜೊತೆಗೊಂದು ಲೋಟ ಚಹಾ. ಪ್ರಾಜೆಕ್ಟ್‌ಗೆ ಅದು ಸಾಲದು. ಜನರ ಜೊತೆ ನಡೆಯುತ್ತಲೇ ಮಾತಾಡಿಸುವ ಕ್ರಮವೊಂದಿದೆ. ಸಮಾಜಶಾಸ್ತ್ರಜ್ಞೆ ಮಾರ್ಗರೆಟೆ ಕುಸೆನ್‌ಬಾಕ್ 2003ರಲ್ಲಿ ‘ಗೋ-ಅಲಾಂಗ್’ ಎಂಬ ಹೆಸರಿನಡಿ ಅದರ ಬಗ್ಗೆ ಬರೆದರು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕುಮಟಾದ ಅಘನಾಶಿನಿ ಅಳಿವೆ, ಅಂದರೆ ನದಿ ಸಮುದ್ರ ಸೇರುವ ಜಾಗ, ಇದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿ ಉಪ್ಪುನೀರಿನ ಅಂಚಿನ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ.

ಮೊದಲು ಸಮಯ ನೋಡಿಕೊಳ್ಳಿ. ಇಲ್ಲಿ ಗಡಿಯಾರಕ್ಕಿಂತ ಉಬ್ಬರ–ಇಳಿತ ಮುಖ್ಯ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಬಳಚು (ಕೆಸರಿನಲ್ಲಿ ಸಿಗುವ ಚಿಪ್ಪುಜೀವಿ) ಹೆಕ್ಕುವವರ ಜೊತೆ ಹೋಗುವುದಾದರೆ ಇಳಿತವೇ ಆಗಬೇಕು.

ದಾರಿಯನ್ನು ನೀವು ಆರಿಸಬೇಡಿ. ‘ನಿಮಗೆ ಬೇಕಾದ ಕಡೆ ಕರೆದುಕೊಂಡು ಹೋಗಿ’ ಎಂದು ಹೇಳಿ, ಅರ್ಧ ಹೆಜ್ಜೆ ಹಿಂದೆ ನಡೆಯಿರಿ. ನನ್ನ ಪ್ರಕಾರ ಇಡೀ ವಿಧಾನದ ಜೀವ ಇರುವುದೇ ಇಲ್ಲಿ. ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಬೇಗ ದಾಟುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವ ರೈತರು ಮಣ್ಣಿನ ಕಟ್ಟೆಯಲ್ಲಿ ಏಡಿ ಕೊರೆದ ತೂತು ಕಂಡರೆ ನಿಂತೇ ನಿಲ್ಲುತ್ತಾರೆ. ಕ್ಯಾಮೆರಾ ಹಿಡಿದವರಿಗೆ ಅದು ಚಂದದ ಚಿತ್ರ. ಅವರಿಗೆ ಉಪ್ಪುನೀರು ಗದ್ದೆಗೆ ನುಗ್ಗುವ ದಾರಿ. ಕಗ್ಗ ಉಪ್ಪು ತಡೆಯುವ ಭತ್ತ, ನಿಜ. ಹಾಗಂತ ಎಷ್ಟು ಉಪ್ಪು ಬೇಕಾದರೂ ತಡೆಯುವುದಿಲ್ಲ.

ಪ್ರಶ್ನೆ ಕಡಿಮೆ ಇರಲಿ. ‘ಏನು ಕಾಣ್ತದೆ’ ಎಂದು ಕೇಳುವ ಬದಲು ‘ಈಗ ಯಾವ ವಾಸನೆ ಬರ್ತಾ ಇದೆ? ಮೊದಲೂ ಹೀಗೇ ಇತ್ತಾ?’ ಎನ್ನಿ. ಜಂತ್ರಡಿಯ (ಕಟ್ಟೆಯಲ್ಲಿ ನೀರು ಬಿಡುವ, ತಡೆಯುವ ಬಾಗಿಲಿನ) ಹಲಗೆ ಎತ್ತಿದಾಗ ಏಳುವ ಕೆಸರಿನ ವಾಸನೆ ಒಬ್ಬರಿಗೆ ಹೊಲಸು, ಇನ್ನೊಬ್ಬರಿಗೆ ಸೀಗಡಿ ಸಿಗುವ ಸೂಚನೆ. ಕೆಲವು ನಿಮಿಷ ಇಬ್ಬರೂ ಸುಮ್ಮನೆ ನಿಂತು ಕಿವಿಗೆ ಬಿದ್ದದ್ದನ್ನೆಲ್ಲ ಪಟ್ಟಿ ಮಾಡಿ. ಆಮೇಲೆ ಎರಡೂ ಪಟ್ಟಿ ಹೋಲಿಸಿ ನೋಡಿ, ಮಾತು ತಾನಾಗಿ ಶುರುವಾಗುತ್ತದೆ. ಚಪ್ಪಲಿ ಕಳಚಿ ನಡೆಯುವುದು ಒಳ್ಳೆಯದೇ. ಚಿಪ್ಪು ಚೂಪಾಗಿರುವ ಕಡೆ ಮಾತ್ರ ಬೇಡ.

ಧ್ವನಿ ಮುದ್ರಿಸುವಾಗ ಸಮುದ್ರದ ಗಾಳಿಯೇ ದೊಡ್ಡ ತೊಂದರೆ. ಕಾಲರ್ ಮೈಕ್‌ಗೆ ಸ್ಪಂಜಿನ ಟೊಪ್ಪಿ ಹಾಕಿ.

ಮನೆಗೆ ಬಂದ ಕೂಡಲೇ ದೊಡ್ಡ ಹಾಳೆ ಕೊಟ್ಟು ನಡೆದ ದಾರಿಯನ್ನು ಅವರ ಕೈಯಲ್ಲೇ ಬರೆಸಿ. ಅಳತೆ ತಪ್ಪಿದರೆ ತಿದ್ದಬೇಡಿ, ಯಾವುದು ದೊಡ್ಡದಾಗಿದೆ ಎಂಬುದೇ ನಿಮಗೆ ಬೇಕಾದ ಮಾಹಿತಿ. ಅದೇ ದಾರಿಯಲ್ಲಿ ಮೀನು ಮಾರುವ ಅಕ್ಕನ ಜೊತೆ, ಕಾಲೇಜು ಹುಡುಗರ ಜೊತೆ ಬೇರೆ ಬೇರೆಯಾಗಿ ಹೋಗಿ, ಸಾಧ್ಯವಾದರೆ ಮಳೆಗಾಲದಲ್ಲೊಮ್ಮೆ.

ಒಪ್ಪಿಗೆಯನ್ನು ಹೊರಡುವ ಮೊದಲೂ ಕೇಳಿ, ನಕಾಶೆ ಮುಗಿದ ಮೇಲೂ ಕೇಳಿ. ಬಳಚು ಚೆನ್ನಾಗಿ ಸಿಗುವ ಜಾಗವನ್ನು ಹೊರಗಿನವರಿಗೆ ತೋರಿಸಬೇಡಿ ಎಂದರೆ ಅಳಿಸಿಬಿಡಿ.