ಪೋಷಕತ್ವಕ್ಕೆ ಮುನ್ನ: ಮಗು ಬರುವ ಮೊದಲು ಮನೆ ಸಜ್ಜಾಗುವುದು ಹೇಗೆ?

ಬಾಲಮಂದಿರಗಳಲ್ಲಿರುವ ಮಕ್ಕಳೆಲ್ಲ ಅನಾಥರಲ್ಲ. ಒಬ್ಬನ ತಾಯಿ ಕಾಯಿಲೆಯಿಂದ ಹಾಸಿಗೆ ಹಿಡಿದಿರುತ್ತಾಳೆ, ಇನ್ನೊಬ್ಬಳ ತಂದೆ ಜೈಲಿನಲ್ಲಿರುತ್ತಾನೆ, ಮತ್ತೊಂದು ಮಗುವನ್ನು ಕುಡಿತ, ಹೊಡೆತದ ಮನೆಯಿಂದ ಬಿಡಿಸಿ ತಂದಿರುತ್ತಾರೆ. ಹೆತ್ತವರ ಹಕ್ಕು ಉಳಿದಿರುವುದರಿಂದ ಇವರನ್ನು ದತ್ತು ಕೊಡುವಂತಿಲ್ಲ. ಸದ್ಯಕ್ಕೆ ಮನೆಗೆ ಕಳಿಸುವಂತೆಯೂ ಇಲ್ಲ. ಇಂಥ ಮಕ್ಕಳಿಗೆ 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಒಂದು ದಾರಿ ಮಾಡಿದೆ. ಅದೇ ಪೋಷಕತ್ವ, ಫಾಸ್ಟರ್ ಕೇರ್ ಎಂದೂ ಕರೆಯುತ್ತಾರೆ. ಇನ್ನೊಂದು ಕುಟುಂಬ ಮಗುವನ್ನು ತನ್ನ ಮನೆಯಲ್ಲಿಟ್ಟುಕೊಂಡು ಸಾಕುತ್ತದೆ. ಮಗು ಎಲ್ಲಿರಬೇಕು, ಎಷ್ಟು ದಿನ ಇರಬೇಕು ಎಂಬ ತೀರ್ಮಾನ ಮಾತ್ರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯದು.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇದಕ್ಕೆ ಮುಂದಾಗುವ ಕುಟುಂಬಗಳು ಕಾಗದಪತ್ರ ಹೊಂದಿಸಲು ಎಷ್ಟು ಓಡಾಡುತ್ತವೋ ಅದಕ್ಕಿಂತ ಹೆಚ್ಚಿನ ಕಾಳಜಿಯಿಂದ ಮನೆಮಂದಿಯ ಮನಸ್ಸನ್ನು ಹೊಂದಿಸಿಕೊಳ್ಳಬೇಕು. ಈ ಲೇಖನದ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ದತ್ತು ಬೇಕೋ, ಪೋಷಕತ್ವವೋ?

ಮೊದಲು ಗಂಡ ಹೆಂಡತಿ ಕೂತು ಇದನ್ನು ಇತ್ಯರ್ಥ ಮಾಡಿಕೊಳ್ಳಿ. ‘ನಮಗೆ ಮಕ್ಕಳಿಲ್ಲ, ಒಂದು ಮಗು ಬೇಕು’ ಎನ್ನುವುದೇ ಮನಸ್ಸಿನಲ್ಲಿರುವ ಆಸೆಯಾದರೆ ನಿಮ್ಮ ದಾರಿ ದತ್ತು. ದತ್ತು ಮಗು ಎಲ್ಲ ರೀತಿಯಲ್ಲೂ ನಿಮ್ಮದೇ ಮಗು, ಆಸ್ತಿಯಲ್ಲೂ ಹಕ್ಕುದಾರ. ಪೋಷಕತ್ವದಲ್ಲಿ ಹಾಗಿಲ್ಲ. ಅಲ್ಪಾವಧಿಯದಾದರೆ ಒಂದು ವರ್ಷದವರೆಗೆ. ದೀರ್ಘಾವಧಿಯದಾದರೆ ಮಗುವಿಗೆ 18 ತುಂಬುವವರೆಗೂ ಹೋಗಬಹುದು. ನಡುವೆ ಹೆತ್ತವರ ಪರಿಸ್ಥಿತಿ ಸುಧಾರಿಸಿದರೆ ಮಗು ಅಲ್ಲಿಗೆ ಮರಳಬಹುದು. ಮರಳುವುದೇ ಒಳ್ಳೆಯದು ಎಂದು ನಿಮಗೂ ಅನ್ನಿಸಬೇಕು.

2024ರ ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ, ಮಗು ಕಾನೂನಿನಂತೆ ದತ್ತಿಗೆ ಮುಕ್ತವಾದರೆ ಎರಡು ವರ್ಷ ಸಾಕಿದ ಕುಟುಂಬ ಅದನ್ನು ದತ್ತು ಕೇಳಬಹುದು. ಮೊದಲು ಇದಕ್ಕೆ ಐದು ವರ್ಷ ಕಾಯಬೇಕಿತ್ತು. ಆದರೆ ಆ ಒಂದು ಸಾಧ್ಯತೆಯನ್ನೇ ನೆಚ್ಚಿಕೊಂಡು ಅರ್ಜಿ ಹಾಕುವುದು ಸರಿಯಲ್ಲ. ಪ್ರತಿ ಸಲ ತಾಯಿ ನೋಡಲು ಬಂದಾಗಲೂ ನಿಮ್ಮ ಎದೆ ಡವಡವ ಎಂದರೆ ಮಗುವಿಗೆ ಅದು ಗೊತ್ತಾಗದೆ ಇರುವುದಿಲ್ಲ.

ಅರ್ಹತೆ, ಅರ್ಜಿ

ಪೋಷಕತ್ವಕ್ಕೆ ಕೊಡುವುದು ಸಾಮಾನ್ಯವಾಗಿ 6ರಿಂದ 18 ವರ್ಷದೊಳಗಿನ ಮಕ್ಕಳನ್ನು. ದಂಪತಿಯಾದರೆ ಕನಿಷ್ಠ ಎರಡು ವರ್ಷ ಸ್ಥಿರವಾಗಿ ಸಂಸಾರ ನಡೆಸಿರಬೇಕು, ಇಬ್ಬರೂ ಭಾರತೀಯರಾಗಿರಬೇಕು, ಇಬ್ಬರಿಗೂ ಇಷ್ಟವಿರಬೇಕು. ಮದುವೆಯಾಗದವರು, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡವರು, ವಿಚ್ಛೇದಿತರು 35ರಿಂದ 60 ವರ್ಷದವರಾಗಿದ್ದರೆ ಅರ್ಜಿ ಹಾಕಬಹುದು. ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ಗುರುತು, ವಿಳಾಸ, ಆದಾಯದ ದಾಖಲೆಗಳ ಜೊತೆಗೆ ಮನೆಯಲ್ಲಿ ವಾಸವಿರುವ ಎಲ್ಲರ ವೈದ್ಯಕೀಯ ವರದಿ ಬೇಕು. ಕ್ಷಯ, ಹೆಪಟೈಟಿಸ್ ಬಿ ಮುಂತಾದ ಪರೀಕ್ಷೆಗಳು ಇದರಲ್ಲಿ ಸೇರಿವೆ. ಪೊಲೀಸ್ ಪರಿಶೀಲನೆಯೂ ಇರುತ್ತದೆ.

ನೋಂದಣಿ ಈಗ ಆನ್‌ಲೈನ್‌ನಲ್ಲಿ. ಆದರೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಮ್ಮೆ ಖುದ್ದಾಗಿ ಹೋಗಿ ಮಾತಾಡಿ ಬಂದು ಆಮೇಲೆ ಅರ್ಜಿ ತುಂಬುವುದು ಒಳ್ಳೆಯದು. ಘಟಕ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಮಿಷನ್ ವಾತ್ಸಲ್ಯ ಯೋಜನೆಯಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿಗೆ ಅವಕಾಶವಿದೆ. ಅದು ಮಗುವಿನ ಊಟ, ಓದು, ಔಷಧಿಗೆ ಕೊಡುವ ಹಣ. ಅದು ಬಂದರೆ ಮಾತ್ರ ಸಾಕಬಲ್ಲೆವು ಎನ್ನುವ ಸ್ಥಿತಿಯಿದ್ದರೆ ಸದ್ಯಕ್ಕೆ ಅರ್ಜಿ ಹಾಕದಿರುವುದೇ ಮೇಲು.

ಮನೆ ನೋಡಲು ಬಂದಾಗ

ಘಟಕದ ಸಮಾಜ ಕಾರ್ಯಕರ್ತರು ಮನೆಗೆ ಬಂದು ಗೃಹ ಅಧ್ಯಯನ ವರದಿ ತಯಾರಿಸುತ್ತಾರೆ. ಗೋಡೆಗೆ ಹೊಸ ಬಣ್ಣ ಬೇಕಿಲ್ಲ. ಮಗು ಎಲ್ಲಿ ಮಲಗುತ್ತದೆ, ಅದರ ಬಟ್ಟೆ, ಪುಸ್ತಕಕ್ಕೆ ಜಾಗ ಎಲ್ಲಿ, ಬಚ್ಚಲಿಗೆ ಚಿಲಕವಿದೆಯೇ ಎಂಬುದನ್ನು ಮೊದಲೇ ಯೋಚಿಸಿಡಿ. ಅವರು ಮನೆಯ ಹಿರಿಯರನ್ನೂ ಮಕ್ಕಳನ್ನೂ ಮಾತಾಡಿಸುತ್ತಾರೆ. ಅತ್ತೆ ಮಾವನಿಗೆ ವಿಷಯ ಗೊತ್ತಾಗುವುದೇ ಆ ದಿನ ಎಂದಾಗಬಾರದು.

ನಿಮ್ಮ ಕಸುಬಿನ ಕಷ್ಟವನ್ನೂ ಮುಚ್ಚಿಡಬೇಡಿ. ಶಿಡ್ಲಘಟ್ಟದ ಕಡೆಯ ರೇಷ್ಮೆ ಮನೆಯೊಂದನ್ನೇ ತೆಗೆದುಕೊಳ್ಳಿ. ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದ ಮೇಲೆ ಆ ಒಂದು ವಾರ ಸೊಪ್ಪು ಕೊಯ್ದು ತಂದು ಹಾಕುವುದರಲ್ಲೇ ಮನೆಮಂದಿಗೆ ಹಗಲು ರಾತ್ರಿ ಒಂದಾಗುತ್ತದೆ. ಹುಳು ಹಣ್ಣಾದರಂತೂ, ಎಂದರೆ ಗೂಡು ಕಟ್ಟಲು ಸಿದ್ಧವಾದರಂತೂ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವವರೆಗೆ ಯಾರಿಗೂ ಪುರುಸೊತ್ತಿಲ್ಲ. ಆ ದಿನಗಳಲ್ಲಿ ಮಗುವಿಗೆ ಹೊತ್ತಿಗೆ ಊಟ ಹಾಕುವವರು ಯಾರು, ಶಾಲೆಗೆ ಹೊರಡಿಸುವವರು ಯಾರು? ‘ಅಜ್ಜಿ ಇದ್ದಾರೆ, ಈ ಕೆಲಸ ಅವರದು’ ಎಂದು ನೇರವಾಗಿ ಹೇಳಿದರೆ ಸಾಕು. ನಿಮ್ಮ ಮಕ್ಕಳು ಮಾಡುವಂಥ ಸಣ್ಣಪುಟ್ಟ ಕೆಲಸವನ್ನು ಈ ಮಗುವೂ ಮಾಡಲಿ. ಆದರೆ ಸೊಪ್ಪು ಕೊಯ್ಯಲು ಒಂದು ಆಳು ಸಿಕ್ಕಿತು ಎಂಬ ಯೋಚನೆ ಮನೆಯಲ್ಲಿ ಒಬ್ಬರಿಗಿದ್ದರೂ ಅರ್ಜಿ ಹಾಕಲೇಬೇಡಿ.

ತರಬೇತಿಯಲ್ಲಿ ಕೇಳಿ ತಿಳಿಯಬೇಕಾದ್ದು

ಆಯ್ಕೆಯಾದ ಕುಟುಂಬಕ್ಕೆ ಆಪ್ತ ಸಮಾಲೋಚನೆ, ತರಬೇತಿ ಕೊಡಿಸುವುದು ಘಟಕದ ಕೆಲಸ. ಇಬ್ಬರೂ ಹೋಗಿ. ತಾಯಿಯೊಬ್ಬಳೇ ಕಲಿತು ಬಂದು ಮಿಕ್ಕವರಿಗೆ ಹೇಳುತ್ತಾಳೆ ಎಂದರೆ ಅದು ನಡೆಯುವ ಮಾತಲ್ಲ. ಅಲ್ಲಿ ನಾಚಿಕೆಯಿಲ್ಲದೆ ಪ್ರಶ್ನೆ ಕೇಳಿ.

ಮೊದಲ ಕೆಲವು ವಾರ ಮಗು ಹೇಳಿದ್ದನ್ನೆಲ್ಲ ಕೇಳಬಹುದು. ಆಮೇಲೆ ಹಟ, ಸುಳ್ಳು, ಸಿಟ್ಟು ಶುರುವಾದರೆ ಕೆಟ್ಟುಹೋಯಿತು ಎಂದುಕೊಳ್ಳಬೇಡಿ. ಇಲ್ಲಿಂದಲೂ ನನ್ನನ್ನು ಕಳಿಸಿಬಿಡುತ್ತಾರೋ ಎಂದು ಅದು ಪರೀಕ್ಷೆ ಮಾಡುತ್ತಿರುತ್ತದೆ. ಹಸಿವು ಕಂಡ ಮಗು ಹೊಟ್ಟೆ ತುಂಬಿದ್ದರೂ ತಿಂಡಿ ಬಚ್ಚಿಡುತ್ತದೆ. ದಿಂಬಿನ ಕೆಳಗೆ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಇರುವೆ ಮುತ್ತಿದ ಬೆಲ್ಲದ ಚೂರು ಸಿಕ್ಕರೆ ಎಲ್ಲರ ಮುಂದೆ ಎತ್ತಿ ತೋರಿಸಬೇಡಿ. ಕೈಗೆಟುಕುವ ಕಡೆ ಮುಚ್ಚಳದ ಡಬ್ಬಿಯೊಂದರಲ್ಲಿ ಕಡಲೆಕಾಯಿಯೋ ಚಕ್ಕುಲಿಯೋ ತುಂಬಿಟ್ಟು, ‘ಇದು ನಿಂದು, ಯಾವಾಗ ಬೇಕಾದರೂ ತಿನ್ನು, ಖಾಲಿಯಾದರೆ ಮತ್ತೆ ತುಂಬುತ್ತೀನಿ’ ಎನ್ನಿ. ಮಾತು ಕೊಟ್ಟಂತೆ ತುಂಬಿಸುತ್ತಲೂ ಇರಿ. ಬಚ್ಚಿಡುವುದು ಒಂದೇ ದಿನಕ್ಕೆ ನಿಲ್ಲುವುದಿಲ್ಲ.

ಹತ್ತು ವರ್ಷದ ಹುಡುಗ ಹಾಸಿಗೆ ಒದ್ದೆ ಮಾಡುವುದೂ ಉಂಟು. ಪ್ಲಾಸ್ಟಿಕ್ ಹಾಳೆ, ಇನ್ನೊಂದು ಜೊತೆ ಹೊದಿಕೆ ತೆಗೆದಿಡಿ. ಬೆಳಿಗ್ಗೆ ಸದ್ದಿಲ್ಲದೆ ಒಗೆದು ಹಾಕಿ. ಒಂದು ಏಟು ಕೊಟ್ಟರೆ ಸರಿಹೋಗುತ್ತಾನೆ ಎನ್ನುವ ಹಿರಿಯರಿಗೆ ಮೊದಲೇ ಖಡಾಖಂಡಿತವಾಗಿ ಹೇಳಿಬಿಡಿ: ಈ ಮಗುವಿನ ಮೇಲೆ ಯಾರೂ ಕೈಯೆತ್ತುವಂತಿಲ್ಲ. ಅದಕ್ಕೆ ಕಾನೂನಿನ ಭಯವೊಂದೇ ಕಾರಣವಲ್ಲ. ಏಟು ತಿಂದೇ ಬಂದ ಮಗುವಿಗೆ ಏಟು ಹೊಸ ಪಾಠವನ್ನೇನೂ ಕಲಿಸುವುದಿಲ್ಲ.

ಭಾಷೆಯ ಕಡೆಗೂ ಗಮನವಿರಲಿ. ಬಾಗೇಪಲ್ಲಿ, ಚಿಂತಾಮಣಿ ಕಡೆಯ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡಿ ಬೆಳೆದವರು. ನಿಮ್ಮದು ಕನ್ನಡದ ಮನೆಯಾದರೂ ಊಟಕ್ಕೆ ಬಾ, ನೋವಾಗ್ತಿದೆಯಾ, ಹೆದರಬೇಡ ಎನ್ನುವಷ್ಟು ತೆಲುಗು ಕಲಿತಿಟ್ಟುಕೊಳ್ಳಿ. ಅಮ್ಮ ಎಂದೇ ಕರೆಯಬೇಕೆಂಬ ಬಲವಂತ ಬೇಡ; ಅದರ ಅಮ್ಮ ಬೇರೆ ಇದ್ದಾಳೆ. ಅತ್ತೆ, ದೊಡ್ಡಮ್ಮ, ಆಂಟಿ, ಬಾಯಿಗೆ ಯಾವುದು ಬರುತ್ತದೋ ಅದೇ ಇರಲಿ.

ಇನ್ನು ಊರಿನವರ ಪ್ರಶ್ನೆಗಳು. ‘ಯಾರ ಮಗು? ಯಾವ ಜನ?’ ಎಂದು ಬಂದ ಮಾರನೇ ದಿನವೇ ಕೇಳುತ್ತಾರೆ. ‘ನಮ್ಮ ಮನೇಲಿ ಬೆಳೀತಿರೋ ಮಗು’ ಎಂಬ ಒಂದೇ ಉತ್ತರವನ್ನು ಮನೆಯವರೆಲ್ಲ ಕೊಡಬೇಕು. ಜಾತಿ ನೋಡಿ ತಟ್ಟೆ ಲೋಟ ಬೇರೆ ಇಡುವ ಮನೆಗೆ ಯಾವ ಮಗುವೂ ಹೋಗಬಾರದು. ಮಗುವಿನ ಹಿನ್ನೆಲೆಯನ್ನು ನೆಂಟರಿಗೂ ಬಿಟ್ಟುಕೊಡಬೇಡಿ, ಫೋಟೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ಇಂಥ ಮಕ್ಕಳ ಗುರುತು ಬಯಲು ಮಾಡುವುದು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ.

ನಿಮ್ಮ ಸ್ವಂತ ಮಕ್ಕಳಿಗೂ ತಯಾರಿ ಬೇಕು. ಅವರ ಯಾವ ವಸ್ತು ಹಂಚಿಕೊಳ್ಳಬೇಕು, ಯಾವುದು ಅವರದೇ ಆಗಿರುತ್ತದೆ ಎಂದು ಮುಂಚೆಯೇ ಮಾತಾಡಿ. ‘ಪಾಪ, ಆ ಮಗು’ ಎಂದು ಪ್ರತಿ ಜಗಳದಲ್ಲೂ ನಿಮ್ಮ ಮಗನಿಗೇ ಬೈದರೆ ಇಬ್ಬರೂ ದೂರವಾಗುತ್ತಾರೆ.

ಭೇಟಿ, ಆದೇಶ, ಆನಂತರ

ಹೊಂದುವ ಮಗು ಇದೆ ಎನಿಸಿದಾಗ ಮೊದಲು ಭೇಟಿ ಮಾಡಿಸುತ್ತಾರೆ. ಮಗುವಿನ ಅಭಿಪ್ರಾಯಕ್ಕೂ ಬೆಲೆಯಿದೆ. ಅಣ್ಣ ತಂಗಿಯರಿದ್ದರೆ ಸಾಧ್ಯವಾದಷ್ಟೂ ಒಟ್ಟಿಗೆ ಇರಿಸಬೇಕೆನ್ನುತ್ತದೆ ಕಾಯ್ದೆ. ನೀವು ಮುಚ್ಚಳಿಕೆ ಬರೆದುಕೊಟ್ಟು, ಸಮಿತಿ ಆದೇಶ ಹೊರಡಿಸಿದ ಮೇಲೆ ಮಗು ಮನೆಗೆ ಬರುತ್ತದೆ. ಮಗುವಿಗೆ ಯಾವ ಔಷಧಿ ನಡೆಯುತ್ತಿದೆ, ಕತ್ತಲಿಗೆ ಹೆದರುತ್ತದೆಯೇ, ಯಾರ ಹೆಸರೆತ್ತಿದರೆ ಅಳುತ್ತದೆ ಎಂಬುದನ್ನು ಕೇಳಿಕೊಂಡೇ ಹೊರಡಿ. ವರ್ಷದ ನಡುವೆ ಶಾಲೆ ಬದಲಾದರೆ ಚಿಂತೆ ಬೇಡ. 6ರಿಂದ 14 ವರ್ಷದ ಮಗುವಿಗೆ ಟಿ.ಸಿ. ತಡವಾಯಿತೆಂದು ಸರ್ಕಾರಿ, ಅನುದಾನಿತ ಶಾಲೆಗಳು ದಾಖಲಾತಿ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ.

ಪ್ರತಿ ತಿಂಗಳು ಸಮಿತಿಯ ಕಡೆಯಿಂದ ಪರಿಶೀಲನೆ ಇರುತ್ತದೆ. ಅದನ್ನು ತನಿಖೆ ಎಂದುಕೊಳ್ಳದೆ ಆ ತಿಂಗಳ ತೊಂದರೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟು ಮುಂದಿಡಿ. ಸಮಿತಿ ಬೇಡವೆನ್ನದ ಹೊರತು ಹೆತ್ತವರೂ ಬಂದು ನೋಡಬಹುದು. ಅವರು ಬಂದುಹೋದ ರಾತ್ರಿ ಮಗು ಊಟ ಬಿಡಬಹುದು, ಮಾತು ಬಿಡಬಹುದು. ಭೇಟಿಯೇ ಬೇಡ ಎಂದು ಹೊರಡುವ ಮೊದಲು ಸಮಾಲೋಚಕರನ್ನು ಕೇಳಿ. ಹೆತ್ತವರ ಬಗ್ಗೆ ಮಗುವಿನೆದುರು ಹಗುರವಾಗಿ ಆಡಬೇಡಿ.

ಎಷ್ಟು ತಯಾರಾದರೂ ಕೆಲವೊಮ್ಮೆ ಹೊಂದಾಣಿಕೆ ಆಗುವುದಿಲ್ಲ. ಸಿಟ್ಟು ನೆತ್ತಿಗೇರಿದ ದಿನ ಮಗುವಿನ ಬ್ಯಾಗ್ ಕಟ್ಟಿಸಬೇಡಿ. ‘ನಿನ್ನನ್ನು ವಾಪಸ್ ಕಳಿಸ್ತೀನಿ’ ಎಂಬ ಬೆದರಿಕೆಯನ್ನಂತೂ ಎಂದೂ ಬಾಯಿಂದ ತರಬೇಡಿ. ಕಷ್ಟ ಶುರುವಾದ ವಾರವೇ ಘಟಕಕ್ಕೆ ಫೋನ್ ಮಾಡಿ. ಕಚೇರಿ ಮುಚ್ಚಿರುವ ಹೊತ್ತಿನಲ್ಲಿ ತುರ್ತು ಬಂದರೆ ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಸಿಗುತ್ತದೆ. ಈ ಸಂಖ್ಯೆ ಮಗುವಿಗೂ ಗೊತ್ತಿರಲಿ, ಅದಕ್ಕೆ ಕಾಣುವ ಜಾಗದಲ್ಲೇ ಬರೆದು ಅಂಟಿಸಿ.