ಸಹಿಗೆ ಮರುಳಾಗದೆ ಹಳೆಯ ಫ್ರೆಂಚ್ ಕಂಚು ಕೊಳ್ಳುವುದು ಹೇಗೆ?

ಪ್ಯಾರಿಸ್‌ನ ಹರಾಜುಗಳಲ್ಲಿ ಅಂತ್ವಾನ್ ಲೂಯಿ ಬಾರೀ (1795–1875) ಎಂಬ ಶಿಲ್ಪಿಯ ಕಂಚಿನ ಸಿಂಹ, ಹುಲಿ, ಜಿಂಕೆಗಳು ಆಗಾಗ ಬರುತ್ತವೆ. ಪೀಠದ ಮೇಲೆ ಅವನ ಹೆಸರು ಕಂಡ ಕೂಡಲೇ ಅನೇಕರು ಕೂಗಲು ಶುರುಮಾಡುತ್ತಾರೆ. ಆದರೆ ಸಹಿ ಇರುವುದು ಮೂಲ ಮಾದರಿಯಲ್ಲಿ. ಅದರಿಂದ ಯಾರು, ಯಾವಾಗ ಎರಕ ಹೊಯ್ದರೂ ಹೆಸರು ತಾನಾಗಿಯೇ ಮೂಡುತ್ತದೆ. ಬಾರೀ 1848ರ ಹೊತ್ತಿಗೆ ಸಾಲದಲ್ಲಿ ಮುಳುಗಿದ; ಅವನ ಮಾದರಿಗಳು ವರ್ಷಗಟ್ಟಲೆ ಪರರ ಕೈಯಲ್ಲಿದ್ದವು. ಅವನು ತೀರಿಕೊಂಡ ಮರುವರ್ಷ, 1876ರಲ್ಲಿ, ಅನೇಕ ಮಾದರಿಗಳನ್ನು ಫರ್ಡಿನಾಂಡ್ ಬಾರ್ಬೆದಿಯೆನ್ ಎಂಬ ಎರಕದ ಉದ್ಯಮಿ ಹರಾಜಿನಲ್ಲಿ ಕೊಂಡು ಪ್ರತಿಗಳನ್ನು ತೆಗೆದ. ಅವು ನಕಲಿಯಲ್ಲ, ಆದರೆ ಬಾರೀ ಬದುಕಿದ್ದಾಗಿನ ಎರಕಕ್ಕೆ ಕೊಡುವ ಬೆಲೆಯನ್ನು ಅವುಗಳಿಗೆ ಕೊಡಬೇಕಿಲ್ಲ.

ಆದ್ದರಿಂದ ಮೊದಲು ಶಿಲ್ಪವನ್ನು ತಲೆಕೆಳಗೆ ಮಾಡಿ. ದೂರದಿಂದ ಕೊಳ್ಳುವವರು ತಳದ ಚಿತ್ರ ಕೇಳಿ ತರಿಸಿಕೊಳ್ಳಿ. ಕೊಡಲು ಹಿಂಜರಿದರೆ ಆ ವಸ್ತುವನ್ನು ಬಿಟ್ಟುಬಿಡಿ. ತಳದಂಚಿನ ಸವೆದ ಜಾಗದಲ್ಲಿ ಹೊಂಬಣ್ಣ ಇಣುಕಿದರೆ ಕಂಚು ಇರಬಹುದು, ಬೂದುಬೆಳ್ಳಿಯ ಬಣ್ಣ ಕಂಡರೆ ಅದು ಸತುವಿನ ಮಿಶ್ರಲೋಹ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಡಿಮೆ ಬೆಲೆಯ ಸತುವಿನ ಬೊಂಬೆಗಳಿಗೆ ಕಂಚಿನ ಬಣ್ಣ ಬಳಿದು ಧಾರಾಳವಾಗಿ ಮಾರುತ್ತಿದ್ದರು. ಆಯಸ್ಕಾಂತವನ್ನು ಬಹಳ ನಂಬಬೇಡಿ. ಅದು ಕಬ್ಬಿಣವನ್ನಷ್ಟೇ ಹಿಡಿದುಕೊಡುತ್ತದೆ, ಸತುವಿಗೆ ಅಂಟುವುದಿಲ್ಲ. ತಲೆಯ ಮೇಲೆ ಕೂಡುವ ಚಿಹ್ನೆಯಂತೆ (+) ಗೆರೆ ಕೊರೆದ ಸ್ಕ್ರೂ ಇದ್ದರೆ, ಅದು 1930ರ ದಶಕದ ಈಚೆಗೆ ಸೇರಿದ್ದು. ಅದು ರಿಪೇರಿಯೂ ಇರಬಹುದು, ಹಾಗಾಗಿ ವಿಚಾರಿಸಿ.

ನಂತರ ಅಳತೆಪಟ್ಟಿ ಹಿಡಿಯಿರಿ. ಮೂಲ ಮಾದರಿ ಸಿಗದಾಗ ಕೆಲವರು ಸಿದ್ಧವಾದ ಕಂಚಿನ ಮೇಲೆಯೇ ಅಚ್ಚು ತೆಗೆಯುತ್ತಾರೆ. ಕರಗಿದ ಲೋಹ ಆರುವಾಗ ನೂರಕ್ಕೆ ಒಂದೆರಡು ಪಾಲಿನಷ್ಟು ಕುಗ್ಗುತ್ತದೆ. ಅಂದರೆ 30 ಸೆಂಟಿಮೀಟರ್ ಎತ್ತರದ ಸಿಂಹದಿಂದ ಹೀಗೆ ತೆಗೆದ ಪ್ರತಿ ಸುಮಾರು ಅರ್ಧ ಸೆಂಟಿಮೀಟರ್ ಗಿಡ್ಡವಾಗುತ್ತದೆ. ಕೃತಿಪಟ್ಟಿಯಲ್ಲಿ ಅಥವಾ ವಸ್ತುಸಂಗ್ರಹಾಲಯದ ದಾಖಲೆಯಲ್ಲಿರುವ ಅದೇ ಶಿಲ್ಪದ ಪ್ರತಿಯ ಅಳತೆಯೊಂದಿಗೆ ಹೋಲಿಸಿ. ಕೇಸರದ ಎಳೆಗಳು ಮಸುಕಾಗಿವೆಯೇ, ಉಗುರುಗಳು ಸಾಬೂನಿನಂತೆ ಕರಗಿವೆಯೇ ಎಂದೂ ನೋಡಿ. ಬಾರೀ ಪ್ರಾಣಿಗಳ ಶರೀರವನ್ನು ಮೃಗಾಲಯದಲ್ಲೂ ಛೇದನದ ಮೇಜಿನ ಮೇಲೂ ಕಲಿತವನು. ಅವನ ಸ್ನಾಯು ಮಬ್ಬಾಗಿದ್ದರೆ ಏನೋ ತಪ್ಪಿದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ.

ಮೇಲ್ಮೈಯ ಕಂದು, ಹಸಿರು ಛಾಯೆ ಕೊಳೆಯಲ್ಲ. ಶಾಖ ಮತ್ತು ರಾಸಾಯನಿಕಗಳಿಂದ ಬೇಕೆಂದೇ ತರಿಸಿದ ಬಣ್ಣ ಅದು. ಹುಣಸೆಹಣ್ಣು ಹಾಕಿ ತಿಕ್ಕಿ ದೀಪದ ಕಂಬ ಬೆಳಗುವ ನಮ್ಮ ಹಬ್ಬದ ಉತ್ಸಾಹವನ್ನು ಇಲ್ಲಿ ತೋರಿಸಿದರೆ ಬೆಲೆ ಪಾತಾಳಕ್ಕಿಳಿಯುತ್ತದೆ. ಮೆತ್ತನೆಯ ಒಣ ಬಟ್ಟೆ ಸಾಕು.

ಇನ್ನು ಹರಾಜು ಪಟ್ಟಿಯ ಭಾಷೆ. ‘ಬಾರೀ ಕೃತಿ’ ಎನ್ನುವುದೂ ‘ಬಾರೀ ಕೃತಿಯನ್ನು ಅನುಸರಿಸಿದ್ದು’ ಎನ್ನುವುದೂ ಒಂದೇ ಅಲ್ಲ. ಎರಡನೆಯದು ಎಷ್ಟು ಈಚಿನ ಪ್ರತಿಯಾದರೂ ಆಗಿರಬಹುದು. ಎರಕಗಾರನ ಮುದ್ರೆ, ಹಿಂದಿನ ಮಾಲೀಕರ ವಿವರ, ರಿಪೇರಿಯ ಮಾಹಿತಿ ಇವನ್ನು ಬರವಣಿಗೆಯಲ್ಲಿ ಪಡೆಯಿರಿ.

ಕೊನೆಗೆ ಹಣ. ಸುತ್ತಿಗೆ ಬಿದ್ದ ಮೊತ್ತವೇ ನೀವು ಕಟ್ಟುವ ಮೊತ್ತವಲ್ಲ. ಹರಾಜು ಮನೆಯ ಶುಲ್ಕ ನೂರಕ್ಕೆ 25 ಎಂದಿಟ್ಟುಕೊಂಡರೆ 2,000 ಯೂರೋ ಕೂಗು 2,500 ಆಗುತ್ತದೆ. ಸಾಗಣೆ, ವಿಮೆ, ಸುಂಕ ಬೇರೆ. ಎಲ್ಲವನ್ನೂ ಕೂಡಿ ಮಿತಿ ಬರೆದಿಟ್ಟುಕೊಂಡೇ ಕೂಗಿ. ಕಲ್ಲಿನ ಪೀಠ ಬಿಚ್ಚಲು ಬರುವಂತಿದ್ದರೆ ಅದನ್ನು ಬೇರೆ ಪೆಟ್ಟಿಗೆಯಲ್ಲಿ ಕಳುಹಿಸಲು ಹೇಳಿ. ಒಟ್ಟಿಗೆ ಕಟ್ಟಿದರೆ ದಾರಿಯಲ್ಲಿ ಕಂಚಿನ ಭಾರಕ್ಕೆ ಅಮೃತಶಿಲೆ ಸೀಳಬಹುದು.